ಮಕ್ಕಳು ನೋಡದ ಊರನ್ನು ಕಲಿಸಿದ ನಾಲ್ಕು ಬೇಸಿಗೆ

ನಾನು ಹೊನ್ನಾವರದ ಹತ್ತಿರದ ಊರಿನವಳು. ಗಂಡ ನ್ಯೂಜೆರ್ಸಿಯವರು, ಯಹೂದಿ. ಮಗಳಿಗೆ ಒಂಬತ್ತು ತುಂಬಿದ ವರ್ಷ, 2022ರಲ್ಲಿ, ಅವಳನ್ನು ಪೆನ್ಸಿಲ್ವೇನಿಯಾದ ಪೋಕೊನೋ ಬೆಟ್ಟಗಳಲ್ಲಿರುವ ಒಂದು ಯಹೂದಿ ಬೇಸಿಗೆ ಕ್ಯಾಂಪಿಗೆ ಸೇರಿಸಿದೆವು. ಎಲ್ಲ ಪಂಗಡದ ಯಹೂದಿ ಮಕ್ಕಳೂ ಬರುವ ಕ್ಯಾಂಪ್ ಅದು. ಮಗಳನ್ನು ನಾಲ್ಕು ವಾರ ಬಿಟ್ಟಿರುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಅಲ್ಲಿ ಕೈಕೆಲಸ ಹೇಳಿಕೊಡಲು ಒಬ್ಬರು ಬೇಕಾಗಿದ್ದರು. ನಾನೂ ಬಟ್ಟೆ ಕಟ್ಟಿಕೊಂಡು ಹೊರಟೆ.

ಅಮೆರಿಕದ ಯಹೂದಿಗಳಿಗೆ ಈ ಕ್ಯಾಂಪ್‌ಗಳು ಹೊಸದಲ್ಲ. ನ್ಯೂಯಾರ್ಕಿನ ಇಕ್ಕಟ್ಟಾದ ಮನೆಗಳಲ್ಲಿ ಬೆಳೆಯುತ್ತಿದ್ದ ವಲಸಿಗರ ಮಕ್ಕಳಿಗೆ ಒಳ್ಳೆಯ ಗಾಳಿ ಸಿಗಲಿ ಅಂತ 1902ರಲ್ಲೇ ಸರ್ಪ್ರೈಸ್ ಲೇಕ್ ಕ್ಯಾಂಪ್ ಶುರುವಾಗಿತ್ತು. 1941ರಲ್ಲಿ ಮಸ್ಸಾದ್ ಎಂಬ ಕ್ಯಾಂಪ್ ಮಕ್ಕಳು ದಿನವಿಡೀ ಹೀಬ್ರೂನಲ್ಲೇ ಮಾತಾಡಬೇಕು ಅಂತ ಹೊರಟಿತು. 1947ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಯಹೂದಿಗಳ ಕನ್ಸರ್ವೇಟಿವ್ ಪಂಗಡದ ಮೊದಲ ರಾಮಾ ಕ್ಯಾಂಪ್ ಬಂತು. ಗಾಳಿಗಾಗಿ ಶುರುವಾದದ್ದು ನಿಧಾನವಾಗಿ ಭಾಷೆ, ಹಾಡು, ಇಸ್ರೇಲ್ ಕಲಿಸುವ ಜಾಗವೂ ಆಯಿತು.

ಎರಡನೇ ವಾರ ನಿರ್ದೇಶಕಿ ಬಂದು, ಇಸ್ರೇಲ್ ದಿನದ ತಯಾರಿಗೆ ನೀವೂ ಸೇರಿಕೊಳ್ಳಿ ಎಂದರು. ನಾನು ಇಸ್ರೇಲ್ ನೋಡಿದವಳಲ್ಲ. ಆದರೂ ಒಪ್ಪಿದೆ. ನೀಲಿ-ಬಿಳಿ ಬಾವುಟ ಮಾಡಿಸಿದೆ. ಜೆರುಸಲೇಮಿನ ಗೋಡೆಯ ಚಿತ್ರಕ್ಕೆ ಬಣ್ಣ ಹಾಕಿಸಿದೆ. ಮಧ್ಯಾಹ್ನಕ್ಕೆ ಕಡಲೆ ಅರೆದು ಕರಿದ ವಡೆಯಂಥ ಫಲಾಫೆಲ್ ಮಾಡಿಸಿದೆವು, ಸಂಜೆಗೆ ರಸಪ್ರಶ್ನೆ ಇಟ್ಟೆವು. ಮಕ್ಕಳು ಹತ್ತು ನಿಮಿಷದಲ್ಲಿ ಬಣ್ಣ ಮುಗಿಸಿ ಕೆರೆಗೆ ಓಡಿದರು.

ಒಬ್ಬಳು ಮಾತ್ರ ಉಳಿದಳು. ಹತ್ತು ವರ್ಷದ ಹುಡುಗಿ, ಅವಳ ಅಜ್ಜಿ ಉಕ್ರೇನಿನ ಒಡೆಸ್ಸಾದವರು. ಗೋಡೆಯ ಮೇಲೆ ನಾವು ಹೀಬ್ರೂನಲ್ಲಿ 'ಮೊಲೆದೆತ್' ಅಂತ ದೊಡ್ಡದಾಗಿ ಬರೆದಿದ್ದೆವು. ತಾಯ್ನಾಡು ಅಂತ ಅರ್ಥ. ಹುಟ್ಟು ಎನ್ನುವ ಧಾತುವಿನಿಂದಲೇ ಬಂದ ಪದ. ಅವಳು ಅದನ್ನು ತೋರಿಸಿ ಕೇಳಿದಳು: "ನಾನು ಅಲ್ಲಿ ಹುಟ್ಟಿಲ್ಲ. ಅಮ್ಮ ಹುಟ್ಟಿಲ್ಲ, ಅಜ್ಜಿಯೂ ಹುಟ್ಟಿಲ್ಲ. ಮತ್ತೆ ಅದು ನಮ್ಮದು ಹೇಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ. ಯಾಕೆಂದರೆ ಅದೇ ತಪ್ಪನ್ನು ನಾನು ನನ್ನ ಮಗಳ ವಿಷಯದಲ್ಲೂ ಮಾಡಿದ್ದೆ. ಭಾನುವಾರದ ಕನ್ನಡ ತರಗತಿಗೆ ಕರೆದುಕೊಂಡು ಹೋಗುತ್ತಿದ್ದೆ. ಕರ್ನಾಟಕದ ನಕಾಶೆಗೆ ಬಣ್ಣ, ಗಂಡಭೇರುಂಡ, ಹಂಪಿಯ ಕಲ್ಲಿನ ರಥ. ಎಲ್ಲವನ್ನೂ ಗುರುತಿಸುತ್ತಿದ್ದಳು, ಯಾವುದೂ ಅವಳಿಗೆ ಅಂಟಿರಲಿಲ್ಲ. ಒಂದು ಮಳೆಗಾಲ ಊರಿಗೆ ಹೋದಾಗ ನನ್ನ ಅಮ್ಮನ ಪಕ್ಕ ಕೂತು ಹಲಸಿನ ಬೀಜದ ಸಿಪ್ಪೆ ಸುಲಿದಳು. ಪಕ್ಕದ ಮನೆಯ ದನ ದಿನಾ ಸಂಜೆ ಯಾವ ದಣಪೆ (ಬೇಲಿಯ ಬಾಗಿಲು) ದಾಟಿ ಬರುತ್ತದೆ ಅಂತ ನೋಡಿಟ್ಟುಕೊಂಡಳು. ವಾಪಸ್ ಬಂದ ಮೇಲೆ "ನಮ್ಮೂರಲ್ಲಿ" ಅಂತ ಮಾತು ಶುರು ಮಾಡುತ್ತಿದ್ದಳು. ರಾಜ್ಯ, ದೇಶ ಎಲ್ಲ ಆಮೇಲೆ. ಮೊದಲು ಒಂದು ದಣಪೆ ಬೇಕು.

ಮುಂದಿನ ಬೇಸಿಗೆಗೆ ನಾನು ಒಂದೇ ಒಂದು ಬೇಡಿಕೆ ಇಟ್ಟೆ. ಇಸ್ರೇಲ್ ಬಗ್ಗೆ ಪಾಠ ಬೇಡ, ಒಂದು ಬೀದಿ ಸಾಕು.

ಪ್ರತಿ ಬೇಸಿಗೆ ಇಂಥ ಕ್ಯಾಂಪ್‌ಗಳಿಗೆ ಇಸ್ರೇಲಿನಿಂದ ಯುವಕ ಯುವತಿಯರು ಕೆಲಸಕ್ಕೆ ಬರುತ್ತಾರೆ. ಶ್ಲಿಖಿಮ್ ಅನ್ನುತ್ತಾರೆ, ಕಳುಹಿಸಲ್ಪಟ್ಟವರು ಅಂತ. ಒಬ್ಬಳೇ ಹುಡುಗಿಯಾದರೆ ಶ್ಲಿಖಾ. ಹೆಚ್ಚಿನವರಿಗೆ ಇಪ್ಪತ್ತು, ಇಪ್ಪತ್ತೊಂದು ವರ್ಷ. ಅವರನ್ನು ವೇದಿಕೆ ಹತ್ತಿಸಿ ದೇಶದ ಪರವಾಗಿ ಮಾತಾಡಿಸುವುದು ರೂಢಿ. ನಾವು ಹಾಗೆ ಮಾಡಲಿಲ್ಲ. ಊಟದ ಮೇಜಿನ ಮೇಲೆ ಮೂರು ಮೀಟರ್ ಉದ್ದದ ಕಾಗದ ಹಾಸಿದೆವು. ಅವರಲ್ಲೊಬ್ಬರು ನಡುವೆ ಕೂರಬೇಕು, ಸುತ್ತ ಹನ್ನೆರಡು ಮಕ್ಕಳು. ತಮ್ಮ ಮನೆ ಬಾಗಿಲಿನಿಂದ ಶುರು ಮಾಡಿ ಬೀದಿ ಬರೆಯುತ್ತಾ ಹೋಗಬೇಕು. ಮಕ್ಕಳು ಪ್ರಶ್ನೆ ಕೇಳಿದ್ದೆಲ್ಲ ಕಾಗದದ ಮೇಲೆ ಬರಬೇಕು. ನಿಯಮ ಇಷ್ಟೇ.

ಹೈಫಾದ ಹುಡುಗಿಯ ಬೀದಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೈಫಾ ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿರುವ ಊರು, ಬೀದಿಯಿಂದ ಬೀದಿಗೆ ಹೋಗಲು ಮೆಟ್ಟಿಲು. ಬೆಟ್ಟದ ಒಳಗೇ ಹತ್ತುವ ಕಾರ್ಮೆಲಿತ್ ಎಂಬ ರೈಲು 1959ರಿಂದ ಇದೆ. ಅದರ ಡಬ್ಬಿಗಳು ಓರೆಯಾಗಿ, ಮೆಟ್ಟಿಲಿನ ಹಾಗೆ ಇರುತ್ತವೆ ಅಂತ ಅವಳು ಬರೆದು ತೋರಿಸಿದಾಗ ಹುಡುಗರು ಮೇಜಿನ ಮೇಲೇ ಹತ್ತಿಬಿಟ್ಟರು. "ಶನಿವಾರ ಏನು ಮಾಡುತ್ತೀರಿ?" ಅಂತ ಒಬ್ಬ ಕೇಳಿದ. ಇಸ್ರೇಲಿನ ಹೆಚ್ಚಿನ ಊರುಗಳಲ್ಲಿ ಶಬ್ಬಾತ್, ಅಂದರೆ ಶನಿವಾರದ ವಿಶ್ರಾಂತಿ ದಿನ, ಬಸ್ ನಿಲ್ಲುತ್ತದೆ, ನಮ್ಮ ಹೈಫಾದಲ್ಲಿ ಕೆಲವು ಓಡುತ್ತವೆ ಎಂದಳು. ಅವಳ ಮನೆ ಕೆಳಗಿನ ತರಕಾರಿ ಅಂಗಡಿಯವರು ಅರಬ್ಬರು. ಪರೀಕ್ಷೆಯ ದಿನ ಅವಳ ಕೈಗೆ ಒಂದು ಪ್ಲಮ್ ಹಣ್ಣು ಇಟ್ಟು ಕಳಿಸುತ್ತಿದ್ದರಂತೆ. ಕಾಗದದ ಮೇಲೆ ಆ ಅಂಗಡಿಯೂ ಬಂತು, ಪ್ಲಮ್ಮೂ ಬಂತು. ಇಸ್ರೇಲಿನಲ್ಲಿ ಯಾರು ಯಾರು ಇದ್ದಾರೆ ಅಂತ ನಾನು ಒಂದು ಗಂಟೆ ಭಾಷಣ ಮಾಡಿದ್ದರೂ ಇಷ್ಟು ತಲುಪುತ್ತಿರಲಿಲ್ಲ.

ಆಮೇಲೆ ಅದೇ ಕಾಗದದ ಹಿಂಬದಿಯಲ್ಲಿ ಮಕ್ಕಳು ತಮ್ಮ ಅಜ್ಜಿಯ ಬೀದಿ ಬರೆಯಬೇಕು. ಕ್ಯಾಂಪಿನಲ್ಲಿ ಫೋನ್ ಇಲ್ಲ. ಗೊತ್ತಿಲ್ಲದಿದ್ದರೆ ಅಜ್ಜಿಗೆ ಕಾಗದ ಬರೆದು ಕೇಳಬೇಕು. ಒಡೆಸ್ಸಾ ಅಜ್ಜಿಯ ಉತ್ತರ ಒಂಬತ್ತನೇ ದಿನ ಬಂತು. ನಾಲ್ಕೂ ಕಡೆ ಮನೆ, ನಡುವೆ ಎಲ್ಲರಿಗೂ ಸೇರಿದ ಅಂಗಳ, ಗೇಟಿನ ಹತ್ತಿರ ಅಕೇಶಿಯಾ ಮರ. ತಾವೇ ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದರು. ಕೆಳಗೆ ಒಂದು ಸಾಲು: ತಮ್ಮ ತಾತ ಈ ಅಂಗಳದ ಮೇಲಿನ ಕೋಣೆಯಲ್ಲಿ ಜೆರುಸಲೇಮಿನ ದಿಕ್ಕಿಗೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರು, ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ ಅಂತ. ಆ ವಾರವೇ ತಿಶಾ ಬೆಆವ್ ಇತ್ತು. ಜೆರುಸಲೇಮಿನ ದೇವಾಲಯ ಎರಡು ಸಲ ನಾಶವಾದದ್ದನ್ನು ನೆನೆಯುವ ಉಪವಾಸದ ದಿನ. ಎರಡನೇ ಸಲ ಆದದ್ದು ಕ್ರಿ.ಶ. 70ರಲ್ಲಿ. ದೀಪ ಆರಿಸಿ, ಮೇಣದ ಬತ್ತಿ ಇಟ್ಟುಕೊಂಡು, ನೆಲದ ಮೇಲೆ ಕೂತು ಶೋಕಗೀತೆ ಓದುತ್ತಾರೆ. ಹುಡುಗಿ ಅಜ್ಜಿಯ ಕಾಗದ ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ಹಿಂದಿನ ವರ್ಷದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ನಾನೂ ಎತ್ತಲಿಲ್ಲ.

ಬೀದಿ ಆದ ಮೇಲೆ ನಕಾಶೆ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಬರೆದೆವು. ಒಂದು ಹೆಜ್ಜೆಗೆ 10 ಕಿಲೋಮೀಟರ್. ಉತ್ತರದ ಮೆತುಲಾದಿಂದ ದಕ್ಷಿಣದ ಎಯ್ಲಾತ್‌ವರೆಗೆ ಹೆಚ್ಚುಕಡಿಮೆ 42 ಹೆಜ್ಜೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು, ಅಷ್ಟೇ. ಮೃತ ಸಮುದ್ರದ ಜಾಗದಲ್ಲಿ ಒಂದು ಬಕೆಟ್ ಇಟ್ಟು, ಲೀಟರಿಗೆ 300 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ ಮೊಟ್ಟೆ ತೇಲಿಸಿದೆವು. ಆ ನೀರು ಸಮುದ್ರ ಮಟ್ಟಕ್ಕಿಂತ ಸುಮಾರು 430 ಮೀಟರ್ ಕೆಳಗಿದೆ ಅಂದರೆ ಯಾರೂ ನಂಬಲಿಲ್ಲ.

ಕಷ್ಟವಾದದ್ದು ಗಡಿ. ಸುಣ್ಣ ಹಿಡಿದು ನಿಂತಾಗ ತಾನೇ ಗೊತ್ತಾಗುವುದು, ಗೆರೆ ಎಲ್ಲಿ ಎಳೆಯಬೇಕು ಅಂತ? ಸಿಬ್ಬಂದಿಯಲ್ಲೇ ಎರಡು ಸಂಜೆ ವಾದ ನಡೆಯಿತು. ಕೊನೆಗೆ ಸಮುದ್ರ, ಜೋರ್ಡನ್ ನದಿ, ಕಿನ್ನೆರೆತ್ ಸರೋವರಗಳನ್ನು ಸುಣ್ಣದಲ್ಲಿ ಬರೆದೆವು. ಇಸ್ರೇಲಿಗೂ ನೆರೆಯ ಅರಬ್ ದೇಶಗಳಿಗೂ ಆದ 1949ರ ಕದನವಿರಾಮದ ಗೆರೆಗೆ ಒಂದು ಹಸಿರು ಹಗ್ಗ ಹಾಸಿದೆವು. ಅದರ ಆಚೆಯ ಪ್ಯಾಲೆಸ್ಟೀನಿಯರ ಊರುಗಳಾದ ರಮಲ್ಲಾ, ಗಾಜಾ, ನಾಬ್ಲುಸ್ ಹೆಸರುಗಳನ್ನೂ ನೆಟ್ಟೆವು. ಹಗ್ಗ ಯಾಕೆ ಅಂತ ಮಕ್ಕಳು ಕೇಳಿದರೆ, ಇದರ ಬಗ್ಗೆ ಜನ ಇನ್ನೂ ಒಪ್ಪಿಲ್ಲ, ಎರಡೂ ಕಡೆ ಮನೆಗಳಿವೆ ಅಂತ ಹೇಳಬೇಕು ಎಂದು ಮಾತಾಡಿಕೊಂಡೆವು. ಹಗ್ಗವನ್ನು ಮುಚ್ಚಿಟ್ಟಿದ್ದರೆ ದೊಡ್ಡವರಾದ ಮೇಲೆ ಅದೇ ಮಕ್ಕಳು ನಮ್ಮನ್ನು ನಂಬುವುದಿಲ್ಲ. ಈ ಮಾತನ್ನು ನಾನು ಇಂದಿಗೂ ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಅವಲಕ್ಕಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಅದೇ 2023ರಲ್ಲಿ ಬೇರ್‌ಶೆಬಾ ಊರಿನಿಂದ ಬಂದ ಒಬ್ಬಳು ತನ್ನ ಬೀದಿ ಬರೆಯುತ್ತಾ, ಅಜ್ಜಿ ಮನೆಯಲ್ಲಿ 'ಮಾಲಿದಾ' ಮಾಡುತ್ತಾರೆ ಎಂದಳು. ಹಾಗಂದರೇನು ಅಂತ ಕೇಳಿದೆ. ಅವಲಕ್ಕಿ ನೆನೆಸಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಹಾಕಿ ಕಲಸುವುದು, ಸುತ್ತ ಐದು ಬಗೆ ಹಣ್ಣು ಜೋಡಿಸುವುದು. ನನಗೆ ಕಣ್ಣು ತುಂಬಿತು. ನಮ್ಮ ಮನೆಯ ಸಿಹಿ ಅವಲಕ್ಕಿ ಅಲ್ವಾ ಅದು! ಅವಳ ಅಜ್ಜಿ ಬೆನೆ ಇಸ್ರೇಲ್ ಸಮುದಾಯದವರು, ಕೊಂಕಣ ಕರಾವಳಿಯ ಯಹೂದಿಗಳು. ಹಡಗು ಒಡೆದು ಏಳು ಗಂಡು, ಏಳು ಹೆಣ್ಣು ದಡ ಸೇರಿದರು ಅಂತ ಅವರ ಕಥೆ. ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು 'ಶನಿವಾರ್ ತೇಲಿ' ಅನ್ನುತ್ತಿದ್ದರು. ಇಸ್ರೇಲಿಗೆ ಹೋದ ಮೇಲೂ ಮರಾಠಿ ಬಿಡಲಿಲ್ಲ, ಮಾಯ್‌ಬೋಲಿ ಎಂಬ ಮರಾಠಿ ಪತ್ರಿಕೆಯನ್ನೇ ತಂದರು. ಅಲ್ಲಿ ಅವರನ್ನು ಪೂರ್ತಿ ಯಹೂದಿಗಳೆಂದು ಒಪ್ಪಿಸಿಕೊಳ್ಳಲು ಹೋರಾಡಬೇಕಾಯಿತು, 1964ರಲ್ಲಿ ಆ ಮಾತು ಇತ್ಯರ್ಥವಾಯಿತು. ನನ್ನ ಕರಾವಳಿಯಿಂದ ಉತ್ತರಕ್ಕೆ ಹೋದರೆ ಸಿಗುವ ಜನ, ನನ್ನ ಗಂಡನ ಧರ್ಮದವರು. ನನ್ನ ಮಗಳು ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಳು.

ಮಾಲಿದಾ ಇಡುವಾಗ ಎಲಿಯಾಹು ಪ್ರವಾದಿಯನ್ನು ನೆನೆದು ಹಾಡುತ್ತಾರೆ. ಕ್ಯಾಂಪಿನಲ್ಲೂ ಶನಿವಾರ ರಾತ್ರಿ ಮೂರು ನಕ್ಷತ್ರ ಕಂಡ ಮೇಲೆ ಹವ್ದಾಲಾ ಮಾಡಿ ಶಬ್ಬಾತ್ ಮುಗಿಸುತ್ತಾರೆ. ಹೆಣೆದ ಮೇಣದ ಬತ್ತಿ, ಲವಂಗ-ದಾಲ್ಚಿನ್ನಿಯ ಪರಿಮಳ, ಕೊನೆಗೆ ಅದೇ ಎಲಿಯಾಹುವಿನ ಹಾಡು. ಹಾಗಾದರೆ ಎರಡನ್ನೂ ಸೇರಿಸೋಣ ಎಂದೆವು.

ಮೊದಲ ಪ್ರಯತ್ನ ಕೆಟ್ಟಿತು. ಕ್ಯಾಂಪಿನ ಅಡುಗೆಮನೆ ಕೋಷರ್, ಅಂದರೆ ಯಹೂದಿ ಆಹಾರ ನಿಯಮದ್ದು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ನಮ್ಮಜ್ಜಿಯ ಮಡಿ-ಮುಸುರೆ ನೋಡಿ ಬೆಳೆದ ನನಗೆ ಇದು ಬೇಗ ಅರ್ಥವಾಯಿತು. ಆದರೆ ಹೊರಗಿನ ಪದಾರ್ಥ ಒಳಗೆ ತರಲು ಮಶ್ಗಿಯಾಖ್, ಅಂದರೆ ಅಲ್ಲಿನ ಉಸ್ತುವಾರಿಯವರ ಒಪ್ಪಿಗೆ ಬೇಕು ಅನ್ನುವುದನ್ನು ಮರೆತಿದ್ದೆ. ಶುಕ್ರವಾರ ಮಧ್ಯಾಹ್ನ ಪ್ಯಾಕೆಟ್ ಹಿಡಿದು ನಿಂತೆ. ಅವರಿಗೆ ನೋಡಲು ಹೊತ್ತಿರಲಿಲ್ಲ. ಒಂದು ವಾರ ಮುಂದಕ್ಕೆ ಹೋಯಿತು. ಮುಂದಿನ ವಾರ ಅವರೇ ಅವಲಕ್ಕಿಯನ್ನು ಬಿಳಿ ಬಟ್ಟೆ ಮೇಲೆ ಹರಡಿ ಹುಳ ಇದೆಯಾ ಅಂತ ಆರಿಸಿದರು. ಮಕ್ಕಳೂ ಆರಿಸಲು ಕೂತರು. ತೆಳು ಅವಲಕ್ಕಿ ತಂದಿದ್ದೆ, ಜಾಸ್ತಿ ಹೊತ್ತು ನೆನೆದು ಮುದ್ದೆಯಾಯಿತು. ಈಗ ಗಟ್ಟಿ ಅವಲಕ್ಕಿಯನ್ನೇ ತರುತ್ತೇನೆ. 90 ಮಕ್ಕಳಿಗೆ 4 ಕಿಲೋ, ಐದು ನಿಮಿಷ ನೆನೆಸಿ ಬಸಿಯುವುದು. ಕ್ಯಾಂಪಿನಲ್ಲಿ ಗೋಡಂಬಿ, ಬಾದಾಮಿ ನಿಷೇಧ, ಅಲರ್ಜಿ ಇರುವ ಮಕ್ಕಳಿದ್ದಾರೆ. ಸಕ್ಕರೆ, ಏಲಕ್ಕಿ ಶುಕ್ರವಾರವೇ ಅಳೆದಿಟ್ಟು, ಕಲಸುವುದು ಮಾತ್ರ ಹವ್ದಾಲಾ ಆದ ಮೇಲೆ, ಟಾರ್ಚ್ ಬೆಳಕಿನಲ್ಲಿ, ದೊಡ್ಡ ಮಕ್ಕಳ ಕೈಯಲ್ಲೇ. ಆ ಸಲದ ಮುದ್ದೆಯನ್ನೂ ಮಕ್ಕಳು ಬಿಡದೆ ತಿಂದರು. ಒಬ್ಬ ಹುಡುಗ, "ಇಸ್ರೇಲಿನ ಊಟ ಅಂದರೆ ಇದೂನಾ?" ಅಂತ ಕೇಳಿದ. ಬೇರ್‌ಶೆಬಾದವಳು, "ನಮ್ಮಜ್ಜಿ ಮನೆಯಲ್ಲಿ ಇದೇ" ಎಂದಳು.

2024ರ ಬೇಸಿಗೆ ಭಾರವಾಗಿತ್ತು. ಹಿಂದಿನ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ನಡೆಸಿದ ದಾಳಿ, ಆಮೇಲಿನ ಗಾಜಾ ಯುದ್ಧ. ಬಂದ ಶ್ಲಿಖಿಮ್‌ಗಳಲ್ಲಿ ಗೆಳೆಯರನ್ನು ಕಳೆದುಕೊಂಡವರಿದ್ದರು. ಬೀದಿ ಬರೆಯಬೇಕಾ, ಬಿಡಬೇಕಾ ಅಂತ ಅವರನ್ನೇ ಕೇಳಿದೆವು. ಇಬ್ಬರು ಬೇಡವೆಂದರು, ಬಲವಂತ ಮಾಡಲಿಲ್ಲ. ಒಬ್ಬ ಬರೆದ. ಒಂದು ಮನೆಯ ಹತ್ತಿರ ಪೆನ್ಸಿಲ್ ನಿಲ್ಲಿಸಿ ಸುಮ್ಮನಾದ. ಮಕ್ಕಳೂ ಸುಮ್ಮನೆ ಕೂತರು, ಯಾರೂ ಅವಸರ ಮಾಡಲಿಲ್ಲ. ಹನ್ನೊಂದು ವರ್ಷದ ಹುಡುಗಿ ಒಬ್ಬಳು, ಹಗ್ಗದ ಆಚೆ ಗಾಜಾದಲ್ಲೂ ಮಕ್ಕಳಿಗೆ ಬೀದಿ ಇದ್ದಿರಬೇಕಲ್ವಾ ಅಂತ ಕೇಳಿದಳು. ಹೌದು, ಇತ್ತು ಎಂದ ಅವನೇ. ಅದಕ್ಕಿಂತ ಹೆಚ್ಚು ಹೇಳಲು ನಾವು ಯಾರೂ ಹೋಗಲಿಲ್ಲ.

ಇನ್ನೊಂದು ಸಣ್ಣ ವಿಷಯ. ಕ್ಯಾಂಪಿನಲ್ಲಿ ಊಟದ ಮನೆಗೆ ಖದರ್ ಓಖೆಲ್, ಕೆರೆಗೆ ಅಗಮ್ ಅನ್ನುತ್ತಾರೆ. ವಾಕ್ಯ ಇಂಗ್ಲಿಷ್, ನಡುವೆ ಹೀಬ್ರೂ ಪದ. ಇದರಿಂದ ಭಾಷೆ ಬರುತ್ತದಾ ಅಂತ ಗಂಡ ಕೇಳುತ್ತಾರೆ. ಬರುವುದಿಲ್ಲ. ಆದರೆ ಡಿಸೆಂಬರ್ ಚಳಿಯಲ್ಲೂ ಮಗಳು ಕೆರೆ ಕಂಡರೆ ಅಗಮ್ ಅನ್ನುತ್ತಾಳೆ. ಅದನ್ನು ನೋಡಿ ನಾನು ಮನೆಯಲ್ಲಿ ಬಚ್ಚಲು, ಜಗಲಿ, ಮಜ್ಜಿಗೆ ಅನ್ನುವುದನ್ನು ಬಿಡದೆ ಬಳಸುತ್ತಿದ್ದೇನೆ.

2025ರಲ್ಲಿ ಒಡೆಸ್ಸಾ ಅಜ್ಜಿಯ ಮೊಮ್ಮಗಳಿಗೆ ಹದಿಮೂರು. ಚಿಕ್ಕ ಮಕ್ಕಳ ಗುಂಪಿಗೆ ನೆರವಾಗುತ್ತೇನೆ ಅಂತ ತಾನೇ ಬಂದಳು. ಕಾಗದ ಹಾಸಿದಳು, ಹಾರದ ಹಾಗೆ ನಾಲ್ಕು ಮೂಲೆಗೂ ಲೋಟ ಇಟ್ಟಳು. ಹೊಸದಾಗಿ ಬಂದ ಶ್ಲಿಖಾ ಎಲ್ಲಿಂದ ಶುರು ಮಾಡಲಿ ಅಂತ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಹುಡುಗಿ ಪೆನ್ಸಿಲ್ ಕೊಟ್ಟು ಕೇಳಿದಳು: "ನಿಮ್ಮ ಮನೆ ಬಾಗಿಲು ಯಾವ ಕಡೆಗಿದೆ?"