ಹಳೆಯ ಬೆಕ್ಕಿರುವ ಮನೆಗೆ ಹೊಸ ಮರಿ ಬಂದಾಗ

ಮಳೆಗಾಲ ಹಿಡಿಯುತ್ತಿದ್ದಂತೆ ಯಾರಾದರೊಬ್ಬರು ನೆನೆದು ನಡುಗುತ್ತಿರುವ ಬೆಕ್ಕಿನ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬರುವುದು ಹಲವು ವರ್ಷಗಳಿಂದ ನಡೆದುಬಂದಿದೆ. ಮರಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಎಲ್ಲರೂ ಕೇಳುತ್ತಾರೆ. ಆದರೆ ಮರಿ ಎರಡು ದಿನ ಅತ್ತು, ಮೂರನೆಯ ದಿನ ಕಿಟಕಿಯ ಪರದೆ ಹತ್ತುತ್ತದೆ. ನಿಜವಾಗಿ ಯೋಚಿಸಬೇಕಾದುದು ಮನೆಯಲ್ಲಿ ಮೊದಲಿನಿಂದ ಇರುವ ಬೆಕ್ಕಿನ ವಿಚಾರವನ್ನು. ಅದರ ಲೆಕ್ಕದಲ್ಲಿ ಆ ಮನೆ, ಕಿಟಕಿಯ ಕಟ್ಟೆ, ಮಧ್ಯಾಹ್ನದ ಬಿಸಿಲು ಬೀಳುವ ಚಾಪೆಯ ಮೂಲೆ ಎಲ್ಲವೂ ಅದರದ್ದೇ.

ಇದು ತಿಳಿಯದೆ ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಗೌರಿ ಎಂಬ ಆರು ವರ್ಷದ ಹೆಣ್ಣು ಬೆಕ್ಕಿನ ಮುಂದೆ, ನಡುಮನೆಯಲ್ಲಿ, ಹೊಸ ಮರಿಯನ್ನು ಇಳಿಸಿ ‘ನೋಡೇ, ನಿನಗೆ ತಂಗಿ ಬಂದಿದ್ದಾಳೆ’ ಎಂದೆ. ಗೌರಿ ಅಟ್ಟ ಹತ್ತಿ ಹೋದವಳು ಹದಿನೈದು ದಿನ ರಾತ್ರಿ ಹೊತ್ತು ಮಾತ್ರ ಕೆಳಗಿಳಿದು ಊಟ ಮಾಡಿದಳು, ಎರಡು ಸಲ ನನ್ನ ಹಾಸಿಗೆಯನ್ನು ಒದ್ದೆ ಮಾಡಿದಳು. ಆಗ ಅದನ್ನು ಹಟವೆಂದು ಬೈದೆ. ಬೆಕ್ಕು ಹೀಗೆ ಮಾಡುವುದು ಸೇಡಿಗಲ್ಲ, ದಿಗಿಲಿಗೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಆದ್ದರಿಂದ ಮರಿ ಬಂದ ದಿನವೇ ಅದನ್ನು ಪ್ರತ್ಯೇಕ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಬೇಕು. ಹಳೆಯ ಬೆಕ್ಕು ಮಲಗುವ ಕೋಣೆಯನ್ನೇ ಕಿತ್ತುಕೊಂಡು ಮರಿಗೆ ಕೊಡಬಾರದು. ಅದು ಅಷ್ಟಾಗಿ ಓಡಾಡದ ಕೋಣೆಯನ್ನು ಆರಿಸಿಕೊಳ್ಳಬೇಕು. ಅಡ್ಡ ಮಲಗಿಸಿದ ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಹತ್ತಿ ಸೀರೆ, ಒಂದು ಮೂಲೆಯಲ್ಲಿ ಊಟ ಮತ್ತು ನೀರು, ಅದಕ್ಕೆ ದೂರದ ಮೂಲೆಯಲ್ಲಿ ಮಲಮೂತ್ರಕ್ಕೆ ಮರಳಿನ ತಟ್ಟೆ ಇಷ್ಟಿದ್ದರೆ ಮರಿಗೆ ಅರಮನೆ ಸಿಕ್ಕಂತೆ. ಒದ್ದೆಯಾದರೆ ಉಂಡೆಗಟ್ಟುವ ಅಂಗಡಿಯ ಮರಳನ್ನು ತೀರ ಎಳೆಯ ಮರಿಗಳು ನೆಕ್ಕಿ ನುಂಗುವುದುಂಟು, ಅದಕ್ಕಾಗಿ ಆರಂಭದಲ್ಲಿ ಸಾದಾ ಮರಳು ಸಾಕು.

ಈ ಬೇರ್ಪಡಿಕೆ ಮನಸ್ಸಿನ ಸಮಾಧಾನಕ್ಕೆ ಮಾತ್ರವಲ್ಲ, ರೋಗದ ಭಯಕ್ಕೂ ಹೌದು. ಬೀದಿಯಿಂದ ಬಂದ ಮರಿಯ ಮೈಯಲ್ಲಿ ಚಿಗಟ, ಹೊಟ್ಟೆಯಲ್ಲಿ ಜಂತುಹುಳು ಇರುವುದು ಸಾಮಾನ್ಯ. ಅದಕ್ಕಿಂತ ಕೆಟ್ಟದ್ದು ಪ್ಯಾನ್‌ಲ್ಯುಕೊಪೀನಿಯಾ ಎಂಬ ವೈರಸ್ ರೋಗ. ವಾಂತಿ, ಭೇದಿಗಳಿಂದ ಮರಿಗಳು ಎರಡು ಮೂರು ದಿನಗಳಲ್ಲೇ ಸತ್ತುಹೋಗುವುದುಂಟು. ಸೋಂಕು ತಗುಲಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಲಕ್ಷಣ ಕಾಣಿಸಿಕೊಳ್ಳುವುದರಿಂದ, ಮರಿ ಎಷ್ಟೇ ಚಟುವಟಿಕೆಯಿಂದಿದ್ದರೂ ಅಷ್ಟು ದಿನ ಎರಡನ್ನೂ ಬೆರೆಸಬಾರದು. ಪಶುವೈದ್ಯರಿಗೆ ತೋರಿಸಿ ಜಂತುಹುಳುವಿನ ಔಷಧಿ ಕೊಡಿಸಬೇಕು. ಲಸಿಕೆ ಆರರಿಂದ ಎಂಟು ವಾರದ ವಯಸ್ಸಿಗೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16 ವಾರದವರೆಗೆ ನಡೆಯುತ್ತದೆ, ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 12 ವಾರದ ನಂತರ ಹಾಕುತ್ತಾರೆ. ಹಳೆಯ ಬೆಕ್ಕಿನ ಲಸಿಕೆಯ ಚೀಟಿಯನ್ನೂ ಅದೇ ದಿನ ತೆಗೆದು ನೋಡುವುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ಕೋಣೆಯನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಅದು ಬೆಕ್ಕುಗಳಿಗೆ ವಿಷ. ನೆಲದ ಮೇಲೆ ನಡೆದು ಅಂಗಾಲು ನೆಕ್ಕಿಕೊಂಡರೂ ಹೊಟ್ಟೆಗೆ ಹೋಗುತ್ತದೆ.

ಇನ್ನು ಹಾಲು. ಬೆಕ್ಕೆಂದರೆ ಹಾಲು ಅನ್ನ ಎಂದುಕೊಂಡೇ ನಾವೆಲ್ಲ ಬೆಳೆದವರು, ಆದರೆ ಹಸುವಿನ ಹಾಲು ಅನೇಕ ಮರಿಗಳಿಗೆ ಅರಗುವುದಿಲ್ಲ. ಹಾಲಿನಿಂದ ಭೇದಿಯಾಗಿದೆಯೋ ರೋಗದಿಂದಲೋ ಎಂಬುದು ಆಮೇಲೆ ನಿಮಗೂ ತಿಳಿಯದು, ವೈದ್ಯರಿಗೂ ಗೊಂದಲ. ಮರಿಗಳಿಗೆಂದೇ ಮಾಡಿದ ಆಹಾರವನ್ನು ನೆನೆಸಿ, ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪವಾಗಿ ಕೊಡುವುದು ಲೇಸು.

ಬೆಕ್ಕುಗಳು ಒಂದನ್ನೊಂದು ಗುರುತಿಸುವುದು ಮೊದಲು ಮೂಗಿನಿಂದ, ಆಮೇಲೆ ಕಣ್ಣಿನಿಂದ. ಕೆನ್ನೆ, ಹಣೆ, ಗಲ್ಲ, ಅಂಗಾಲುಗಳಲ್ಲಿರುವ ಗ್ರಂಥಿಗಳ ವಾಸನೆಯನ್ನು ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಮ್ಮ ಕಣಕಾಲಿಗೆ ಉಜ್ಜಿ ಅವು ತಮ್ಮ ಹಕ್ಕುಪತ್ರ ಬರೆದುಕೊಳ್ಳುತ್ತವೆ. ಹಾಗಾಗಿ ಮುಖಾಮುಖಿಗೆ ಮೊದಲು ವಾಸನೆಯ ಪರಿಚಯ ಆಗಬೇಕು, ಈ ಹಂತವೊಂದನ್ನು ತಾಳ್ಮೆಯಿಂದ ಮಾಡಿದರೆ ಮುಕ್ಕಾಲು ಕೆಲಸ ಆದಂತೆಯೇ. ಮೆತ್ತನೆಯ ಬಟ್ಟೆಯಿಂದ ಮರಿಯ ಕೆನ್ನೆಯನ್ನು ಒರೆಸಿ, ಆ ಬಟ್ಟೆಯನ್ನು ಹಳೆಯ ಬೆಕ್ಕು ಉಣ್ಣುವ ಜಾಗದಿಂದ ಮೂರು ನಾಲ್ಕು ಅಡಿ ದೂರದಲ್ಲಿಡಿ. ಅದರ ಹಾಸಿಗೆಯ ಮೇಲೆ ಹಾಕಬೇಡಿ. ಮೊದಲ ದಿನ ಮೂಸಿ, ಬುಸುಗುಟ್ಟಿ, ದೂರ ಹೋಗುತ್ತದೆ. ಹೋಗಲಿ. ಬಟ್ಟೆಯನ್ನು ಕಂಡೂ ಕಾಣದಂತೆ ಊಟಕ್ಕೆ ಕೂತ ದಿನದಿಂದ ಅದನ್ನು ದಿನಕ್ಕೆ ಅರ್ಧ ಅಡಿಯಂತೆ ತಟ್ಟೆಯ ಹತ್ತಿರಕ್ಕೆ ಸರಿಸುತ್ತ ಬನ್ನಿ. ಹಳೆಯ ಬೆಕ್ಕಿನ ವಾಸನೆಯ ಬಟ್ಟೆಯನ್ನೂ ಹಾಗೆಯೇ ಮರಿಯ ಕೋಣೆಗೆ ಕೊಡಬೇಕು. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಒಂದೇ ಹೊತ್ತಿಗೆ ಊಟ ಹಾಕುವುದು. ಎರಡು ವಾರ ಕಳೆದು ಮರಿ ಆರೋಗ್ಯವಾಗಿದೆಯೆಂದು ಖಾತ್ರಿಯಾದ ಮೇಲೆ, ದಿನಕ್ಕೊಂದು ಗಂಟೆ ಕೋಣೆಗಳನ್ನು ಅದಲುಬದಲು ಮಾಡುವುದು.

ನೋಟದ ಪರಿಚಯಕ್ಕೆ ನಮ್ಮ ಮನೆಗಳ ಸೊಳ್ಳೆ ಜಾಲರಿಯ ಬಾಗಿಲಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಜಾಲರಿಗೆ ಪಂಚೆಯೊಂದನ್ನು ಇಳಿಬಿಟ್ಟು, ದಿನದಿನಕ್ಕೆ ಒಂದೊಂದು ಗೇಣು ಮೇಲೆತ್ತುತ್ತ ಹೋದರೆ ಮೊದಲು ಪಾದ, ಆಮೇಲೆ ಮೀಸೆ, ಕೊನೆಗೆ ಇಡೀ ಮುಖ ಕಾಣುತ್ತದೆ. ಆ ಹೊತ್ತಿನಲ್ಲಿ ಹಳೆಯ ಬೆಕ್ಕಿಗೆ ಅದು ಪ್ರಾಣ ಬಿಡುವ ತಿನಿಸು ಕೊಡಬೇಕು. ಮಾಂಸ ಬೇಯಿಸುವ ಮನೆಯವರಾದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕದ ಕೋಳಿಯ ಚೂರು ಸಾಕು, ಇಲ್ಲದವರಿಗೆ ಅಂಗಡಿಯ ಪೊಟ್ಟಣವಿದೆ.

ಜಾಲರಿ ತೆಗೆಯುವ ದಿನ ಮೊದಲು ಮರಿಯನ್ನು ದಾರ ಕಟ್ಟಿದ ಕಡ್ಡಿಯ ಹಿಂದೆ ಚೆನ್ನಾಗಿ ಓಡಿಸಿ ಸುಸ್ತು ಮಾಡಬೇಕು, ಇಲ್ಲವಾದರೆ ಅದು ನೇರ ಹೋಗಿ ಹಿರಿಯರ ಬಾಲ ಹಿಡಿಯುತ್ತದೆ. ಐದು ನಿಮಿಷ, ಹೆಚ್ಚೆಂದರೆ ಹತ್ತು. ಯಾವುದನ್ನೂ ತೋಳಿನಲ್ಲಿ ಹಿಡಿದು ಮೂಗಿಗೆ ಮೂಗು ತಾಗಿಸಬೇಡಿ. ಬುಸುಗುಟ್ಟಿದರೆ ಗದರಬೇಡಿ, ಉಗುರು ಮಡಚಿದ ಅಂಗೈಯಿಂದ ಮರಿಯ ತಲೆಗೆ ಒಂದು ಪೆಟ್ಟು ಬಿದ್ದರೂ ಸುಮ್ಮನಿರಿ. ಅದು ಮರ್ಯಾದೆ ಕಲಿಸುವ ರೀತಿ. ಭಯಪಡಬೇಕಾದುದು ಸದ್ದಿಲ್ಲದ ಲಕ್ಷಣಗಳಿಗೆ: ರೆಪ್ಪೆ ಬಡಿಯದ ದಿಟ್ಟಿ, ಸೆಟೆದ ಮೈ, ತಲೆಗೆ ಅಂಟಿದ ಕಿವಿ, ಮರಿ ಅಡಗಿದಲ್ಲಿಗೂ ಬೆನ್ನಟ್ಟುವ ಹಂಬಲ. ಆಗ ನಡುವೆ ಒಂದು ರಟ್ಟನ್ನು ಇಳಿಸಿ, ಅಥವಾ ದಿಂಬು ಅಡ್ಡ ಹಾಕಿ. ಕೈ ಮಾತ್ರ ಹಾಕಬಾರದು. ಹಾಗೂ ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಬೇಕು; ಸಾಕಿದ ಬೆಕ್ಕು ತಾನೇ ಎಂಬ ಸಮಾಧಾನ ರೇಬೀಸ್ ವಿಚಾರದಲ್ಲಿ ಸಲ್ಲದು.

ಒಂದು ಜಗಳವಾದರೆ ಮತ್ತೆ ಎರಡು ದಿನ ಜಾಲರಿ ಮುಚ್ಚುವುದೇ ಸರಿ. ಕೆಲವಕ್ಕೆ ಒಂದು ತಿಂಗಳಿನಲ್ಲಿ ಹೊಂದಾಣಿಕೆಯಾಗುತ್ತದೆ, ಕೆಲವಕ್ಕೆ ಆರು ತಿಂಗಳೂ ಬೇಕಾಗುತ್ತದೆ. ಅಷ್ಟರವರೆಗೆ ರಾತ್ರಿ ಹೊತ್ತು ಮತ್ತು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಎರಡನ್ನೂ ಬೇರೆಯೇ ಇಡಬೇಕು. ಎರಡು ಬೆಕ್ಕಿಗೆ ಮೂರು ಮರಳಿನ ತಟ್ಟೆ ಬೇಕು, ಅವೂ ಬೇರೆ ಬೇರೆ ಕಡೆ. ಬೀರುವಿನ ಮೇಲೋ ಅಟ್ಟದ ಅಂಚಿನಲ್ಲೋ, ಮರಿ ಹತ್ತಲಾರದ ಜಾಗವೊಂದು ಹಿರಿಯದಕ್ಕೇ ಮೀಸಲಿರಲಿ. ಊಟವೂ ಮುದ್ದೂ ಮೊದಲು ಹಿರಿಯದಕ್ಕೇ ಸಲ್ಲಬೇಕು. ಅದು ಒಂದು ಪೂರ್ತಿ ದಿನ ಏನೂ ತಿನ್ನದಿದ್ದರೆ ಮುನಿಸೆಂದು ಕಾಯದೆ ವೈದ್ಯರಿಗೆ ತೋರಿಸಿ, ಏಕೆಂದರೆ ಉಪವಾಸವಿದ್ದ ಬೆಕ್ಕಿನ ಯಕೃತ್ತಿಗೆ ಕೊಬ್ಬು ಕಟ್ಟಿಕೊಳ್ಳುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನಲ್ಲಿ ಕೂತರೂ ಮೂತ್ರ ಬಾರದಿದ್ದರೆ ಬೆಳಗಾಗಲೆಂದೂ ಕಾಯಬಾರದು. ಮರಿಗೆ ನಾಲ್ಕೈದು ತಿಂಗಳಾಗುತ್ತಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ; ಹಿರಿಯದಕ್ಕೆ ಆಗಿರದಿದ್ದರೆ ಅದಕ್ಕೂ.

ಎರಡನೆಯ ಸಲ ಮರಿ ಬಂದಾಗ ಗೌರಿಗೆ ಒಂಬತ್ತು ವರ್ಷ. ಈ ಕ್ರಮದಲ್ಲೇ ಏಳು ವಾರ ಹಿಡಿಯಿತು. ಅವಳು ಆ ಮರಿಯನ್ನು ಒಂದು ದಿನವೂ ನೆಕ್ಕಲಿಲ್ಲ, ಆದರೆ ಚಳಿಗಾಲದ ಬೆಳಗಿನಲ್ಲಿ ಒಂದೇ ಗೋಣಿಚೀಲದ ಈ ತುದಿಗೆ ಅವಳು, ಆ ತುದಿಗೆ ಅದು, ಒಂದಕ್ಕೊಂದು ಬೆನ್ನು ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದವು.