ಬೀಫ್ ಎಂಚಿಲಾಡಾ: ಗ್ರೇವಿ ಹಿಂದಿನ ದಿನವೇ ಆಗಿರಲಿ

ವಾರದ ಮಧ್ಯೆ, ಕೆಲಸ ಮುಗಿಸಿ ಬಂದ ಮೇಲೂ ಮನೆಮಂದಿಯೆಲ್ಲ ಕೂತು ಬಿಸಿಬಿಸಿ ಉಣ್ಣುವಂಥದ್ದು ಬೇಕು ಅಂದರೆ ನಾನು ಮಾಡುವುದು ಬೀಫ್ ಎಂಚಿಲಾಡಾ. ನಾವಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಟೋರ್ಟಿಯಾ ಎಂಬ ಮೆಕ್ಕೆಜೋಳದ ತೆಳು ರೊಟ್ಟಿಯೊಳಗೆ ಖೀಮಾ ಇಟ್ಟು ಸುತ್ತಿ, ಮೇಲೆ ಕೆಂಪು ಮೆಣಸಿನಕಾಯಿಯ ಗ್ರೇವಿ ಸುರಿದು, ಚೀಸ್ ಉದುರಿಸಿ ಓವನ್ನಿಗೆ ಇಟ್ಟರೆ ಆಯಿತು. ಕೆಲಸ ಅಷ್ಟೇ. ಆದರೆ ಡಬ್ಬಿ ಸಾಸ್ ಸುರಿದು ಮಾಡಿದ್ದಕ್ಕೂ ಮನೆಯಲ್ಲಿ ಕಾಯಿಸಿದ ಗ್ರೇವಿ ಹಾಕಿ ಮಾಡಿದ್ದಕ್ಕೂ ಅಜಗಜಾಂತರ. ಡಬ್ಬಿಯದ್ದರಲ್ಲಿ ಟೊಮೆಟೊ ಹುಳಿ ಮುಂದೆ ಬರುತ್ತದೆ, ಮೆಣಸಿನಕಾಯಿ ಹಿಂದೆ ಉಳಿಯುತ್ತದೆ. ಇಲ್ಲಿ ಮುಂದೆ ಬರಬೇಕಾದದ್ದೇ ಮೆಣಸಿನಕಾಯಿ.

ನಾನು ಹೇಳುತ್ತಿರುವುದು ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಸ್‌ನ ಮೆಕ್ಸಿಕನ್ ಅಡುಗೆಯ ಎಂಚಿಲಾಡಾ. ಮೆಕ್ಸಿಕೋದ ಒಳನಾಡಿನಲ್ಲಿ ಬೇರೆ ಬೇರೆ ಬಗೆಗಳಿವೆ. ಎಷ್ಟೋ ಕಡೆ ಟೋರ್ಟಿಯಾವನ್ನು ಮೆಣಸಿನ ಸಾಸ್‌ನಲ್ಲಿ ಅದ್ದಿ, ಮಡಚಿ, ಮೇಲೆ ಪುಡಿಪುಡಿಯಾಗುವ ಬಿಳಿ ಚೀಸ್ ಹಾಕಿ, ಓವನ್ ಮುಟ್ಟದೆಯೇ ಬಡಿಸುತ್ತಾರೆ. ಹಳದಿ ಚೆಡ್ಡಾರ್ ಚೀಸ್, ಮೈದಾ ಹುರಿದು ಮಾಡಿದ ಗ್ರೇವಿ, ಕೈತುಂಬ ಜೀರಿಗೆ ಇವೆಲ್ಲ ಟೆಕ್ಸಸ್ ಕಡೆಯವು. ಇದು ಅಸಲಿ ಅಲ್ಲ ಅನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. 1836ರವರೆಗೆ ಟೆಕ್ಸಸ್ ಮೆಕ್ಸಿಕೋದ ಭಾಗವೇ ಆಗಿತ್ತು. ಗಡಿ ಬದಲಾದರೂ ಇಲ್ಲಿದ್ದ ಮನೆಗಳ ಒಲೆ ಆರಲಿಲ್ಲ. 19ನೇ ಶತಮಾನದಲ್ಲಿ ಈ ಊರಿನ ಮಿಲಿಟರಿ ಪ್ಲಾಜಾದಲ್ಲಿ ಸಂಜೆಯಾದರೆ ಹೆಂಗಸರು ಮೇಜು ಹಾಕಿ, ದೀಪ ಹಚ್ಚಿ, ಚಿಲಿ ಕಾನ್ ಕಾರ್ನೆ ಎಂಬ ಮೆಣಸಿನಕಾಯಿ ಹಾಕಿ ಬೇಯಿಸಿದ ಮಾಂಸ ಮಾರುತ್ತಿದ್ದರು. ಅವರನ್ನು ಚಿಲಿ ಕ್ವೀನ್ಸ್ ಎಂದೇ ಕರೆಯುತ್ತಿದ್ದರು. ಇಷ್ಟು ಹಳೆಯ ಅಡುಗೆಗೆ ಬೇರೆಯವರ ಸರ್ಟಿಫಿಕೇಟ್ ಯಾಕೆ ಬೇಕು?

ಗ್ರೇವಿಗೆ ಬರುವ ಮೊದಲು ಪುಡಿಯ ವಿಷಯ. ನಮ್ಮವರು ಮುಖ್ಯವಾಗಿ ಗಮನಿಸಬೇಕಾದದ್ದು ಇದೇ. ಅಮೆರಿಕದ ರೆಸಿಪಿಯಲ್ಲಿ ಚಿಲಿ ಪೌಡರ್ ಅಂದರೆ ನಮ್ಮ ಖಾರದ ಪುಡಿ ಅಲ್ಲ. ಖಾರ ಕಡಿಮೆಯ ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಒರೆಗಾನೊ ಸೇರಿಸಿ ಬೀಸಿದ ಮಸಾಲೆ ಪುಡಿ ಅದು. ಇಲ್ಲಿಂದ ಸ್ವಲ್ಪವೇ ದೂರದ ನ್ಯೂ ಬ್ರಾನ್‌ಫೆಲ್ಸ್ ಎಂಬ ಊರಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ 1890ರ ದಶಕದಲ್ಲಿ ಇಂಥ ಪುಡಿಯನ್ನು ಬಾಟಲಿಗೆ ತುಂಬಿ ಮಾರಲು ಶುರುಮಾಡಿದ. ಹಾಗಾಗಿ ವರ್ಷವಿಡೀ ಮೆಣಸಿನಕಾಯಿ ಸಿಗದ ಕಡೆಗೂ ಈ ರುಚಿ ಹೋಯಿತು. ಗ್ರೇವಿಗೆ ಈ ಪುಡಿ 3 ಟೇಬಲ್ ಚಮಚ ಬೇಕು. ಅದರ ಬದಲು ಗುಂಟೂರು ಮೆಣಸಿನ ಪುಡಿ ಅಷ್ಟೇ ಹಾಕಿದರೆ ಬಾಯಿಗಿಡಲು ಆಗುವುದಿಲ್ಲ.

ಪುಡಿ ನಾನೇ ಮಾಡಿಕೊಳ್ಳುತ್ತೇನೆ. ಆಂಚೊ ಎಂಬ ಒಣಮೆಣಸಿನಕಾಯಿ ನಾಲ್ಕು, ಗುವಹೀಯೊ ನಾಲ್ಕು. ಆಂಚೊ ಅಂದರೆ ಹಣ್ಣಾದ ಪೊಬ್ಲಾನೊ ಮೆಣಸಿನಕಾಯಿಯನ್ನು ಒಣಗಿಸಿದ್ದು. ಅಗಲ, ಸುಕ್ಕು, ಕಪ್ಪುಗೆಂಪು, ಒಣದ್ರಾಕ್ಷಿಯ ವಾಸನೆ. ಗುವಹೀಯೊ ಉದ್ದ, ನುಣುಪು, ಒಳ್ಳೆ ಕೆಂಪು. ಅದರ ಜಾಗಕ್ಕೆ ನಮ್ಮ ಬ್ಯಾಡಗಿ ಚೆನ್ನಾಗಿ ಒಪ್ಪುತ್ತದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಅದೇ ಬೇಕಾದದ್ದು. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಹಡಗಿನಲ್ಲಿ, ಅಮೆರಿಕ ಖಂಡದಿಂದ. ಹಾಗಾಗಿ ಬ್ಯಾಡಗಿ ಈ ಬಾಣಲೆಗೆ ಬಿದ್ದರೆ ಹೊರಗಿನದು ಅನ್ನಿಸುವುದಿಲ್ಲ ನನಗೆ. ತೊಟ್ಟು, ಬೀಜ ತೆಗೆದು, ಕಾವಲಿಯ ಮೇಲೆ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ, ಆರಿದ ಮೇಲೆ ನುಣ್ಣಗೆ ಪುಡಿ ಮಾಡುತ್ತೇನೆ.

ಈಗ ಗ್ರೇವಿ. ದಪ್ಪ ತಳದ ಬಾಣಲೆಯಲ್ಲಿ 4 ಟೇಬಲ್ ಚಮಚ ಎಣ್ಣೆ ಕಾಯಿಸಿ, ಅಷ್ಟೇ ಮೈದಾ ಹಾಕುತ್ತೇನೆ. ಹಳಬರು ಎಣ್ಣೆಯ ಬದಲು ಹಂದಿ ಕೊಬ್ಬು ಹಾಕುತ್ತಾರೆ, ಅದು ಇನ್ನೂ ರುಚಿ. ಮಧ್ಯಮ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಮೊದಲು ಹಸಿ ಹಿಟ್ಟಿನ ವಾಸನೆ ಇರುತ್ತದೆ. ಮೂರ್ನಾಲ್ಕು ನಿಮಿಷಕ್ಕೆ ಅದು ಹೋಗಿ ಹಿಟ್ಟು ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಉರಿ ಸಣ್ಣ ಮಾಡಿ, 3 ಟೇಬಲ್ ಚಮಚ ಮೆಣಸಿನ ಪುಡಿ, 2 ಟೀ ಚಮಚ ಜೀರಿಗೆ ಪುಡಿ, 1 ಟೀ ಚಮಚ ಬೆಳ್ಳುಳ್ಳಿ ಪುಡಿ, ಅರ್ಧ ಟೀ ಚಮಚ ಒರೆಗಾನೊ, ಉಪ್ಪು. ಅಂಗಡಿಯ ಚಿಲಿ ಪೌಡರ್ ಆದರೆ ಅದರಲ್ಲೇ ಜೀರಿಗೆ ಇರುತ್ತದೆ, 1 ಟೀ ಚಮಚ ಸಾಕು. ಒರೆಗಾನೊ ಮೆಕ್ಸಿಕನ್ ಆಗಿರಲಿ. ಪಿಜ್ಜಾಗೆ ಹಾಕುವ ಒರೆಗಾನೊ ಪುದೀನಾ ಕುಟುಂಬದ್ದು, ಇದು ಬೇರೆಯೇ ಗಿಡ. ಇದರಲ್ಲಿ ನಿಂಬೆಯ ಛಾಯೆ ಇರುತ್ತದೆ.

ಪುಡಿಗಳು ಎಣ್ಣೆಯಲ್ಲಿ ಅರ್ಧ ನಿಮಿಷ ಇದ್ದರೆ ಸಾಕು. ಜಾಸ್ತಿಯಾದರೆ ಸೀದು ಕಹಿಯಾಗುತ್ತದೆ. ಕೂಡಲೇ 3 ಕಪ್ ಬೀಫ್ ಸ್ಟಾಕನ್ನು (ಮಾಂಸ, ಮೂಳೆ ಬೇಯಿಸಿ ಸೋಸಿದ ನೀರು) ಸ್ವಲ್ಪ ಸ್ವಲ್ಪವೇ ಸುರಿಯುತ್ತಾ, ಗಂಟಾಗದಂತೆ ಕಲಸುತ್ತಾ ಹೋಗಬೇಕು. ಮೊದಲ ಸೌಟಿಗೆ ಎಲ್ಲವೂ ಮುದ್ದೆಯಾಗುತ್ತದೆ, ಗಾಬರಿ ಬೇಡ. ನಾಲ್ಕನೇ ಸೌಟಿಗೆ ತಾನಾಗಿ ಸಡಿಲವಾಗುತ್ತದೆ. ಹತ್ತು ನಿಮಿಷ ಸಣ್ಣಗೆ ಕುದಿಯಲಿ. ಸೌಟಿನ ಹಿಂಬದಿಯ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಅದೇ ಹದ. ಇದಕ್ಕೆ ಗರಂ ಮಸಾಲೆ, ಧನಿಯಾ ಪುಡಿ, ಶುಂಠಿ ಯಾವುದೂ ಬೇಡ. ಕೈ ತಾನಾಗಿ ಆ ಡಬ್ಬಿಗಳ ಕಡೆ ಹೋಗುತ್ತದೆ, ಗೊತ್ತು. ಹಾಕಿದರೆ ಇದು ನಮ್ಮ ಸಾರಿನ ಕಡೆ ವಾಲುತ್ತದೆ, ಮೆಣಸಿನಕಾಯಿಯ ಸ್ವಂತ ರುಚಿ ಮುಚ್ಚಿಹೋಗುತ್ತದೆ.

ಈ ಗ್ರೇವಿಯನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಮರುದಿನದ ಅಡುಗೆ ಅರ್ಧ ಮುಗಿದ ಹಾಗೆ. ತಣ್ಣಗಾದಾಗ ಗಟ್ಟಿಯಾಗುತ್ತದೆ, ಬಿಸಿ ಮಾಡುವಾಗ ಸ್ವಲ್ಪ ನೀರು ಬೆರೆಸಿದರೆ ಸರಿ. ಫ್ರೀಜರ್‌ನಲ್ಲೂ ಚೆನ್ನಾಗಿ ಉಳಿಯುತ್ತದೆ.

ಮಾಂಸದ್ದು ಸುಲಭ. ಒಂದು ಪೌಂಡ್, ಅಂದರೆ 450 ಗ್ರಾಂ ಗ್ರೌಂಡ್ ಬೀಫ್. ಪ್ಯಾಕೆಟ್ ಮೇಲೆ 80/20 ಅಂತ ಇರುವುದನ್ನು ತರುತ್ತೇನೆ, ಶೇ. 20 ಕೊಬ್ಬು ಇದ್ದರೆ ಖೀಮಾ ಒಣಗುವುದಿಲ್ಲ. ಕಾದ ಬಾಣಲೆಗೆ ಹಾಕಿ, ಸುಮ್ನೆ ಕೆದಕದೆ ಒಂದು ಬದಿ ಕಂದಾಗಲು ಬಿಟ್ಟು, ಆಮೇಲೆ ಒಡೆದು, ಸಣ್ಣಗೆ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಚೂರು ಜೀರಿಗೆ ಸೇರಿಸುತ್ತೇನೆ. ನಾನು ಮಂಗಳೂರಿನ ಕ್ರೈಸ್ತ ಮನೆಯಲ್ಲಿ ಬೆಳೆದವಳು. ನಮ್ಮ ಬೀಫ್ ಸುಕ್ಕದ ಹಾಗೆ ನೀರೆಲ್ಲ ಇಂಗಿ ಮಾಂಸ ಎಣ್ಣೆ ಬಿಡುವವರೆಗೆ ಹುರಿಯಬೇಕು. ನೀರು ಉಳಿದರೆ ಟೋರ್ಟಿಯಾ ಒಳಗಿಂದ ಮೆತ್ತಗಾಗುತ್ತದೆ. ಜಾಸ್ತಿ ಕೊಬ್ಬು ಬಸಿದು, ಎರಡು ಸೌಟು ಗ್ರೇವಿ ಬೆರೆಸಿ ಇಳಿಸಿದರೆ ಹೂರಣ ರೆಡಿ.

ಟೋರ್ಟಿಯಾ ಹನ್ನೆರಡು ಬೇಕು, ಮೆಕ್ಕೆಜೋಳದ್ದೇ. ಮೈದಾದ್ದು ಗ್ರೇವಿಯಲ್ಲಿ ನೆಂದು ಅಂಟಂಟಾಗುತ್ತದೆ. ಜೋಳದ್ದನ್ನು ಪ್ಯಾಕೆಟ್‌ನಿಂದ ತೆಗೆದು ಹಾಗೇ ಸುತ್ತಲು ಹೋದರೆ ನಡುವೆ ಸೀಳುತ್ತದೆ, ಅದರಲ್ಲಿ ಗೋಧಿಯ ಅಂಟು ಇಲ್ಲವಲ್ಲ. ನನಗೆ ದಾರಿ ತೋರಿಸಿದ್ದು ಪಕ್ಕದ ಮನೆಯ ಹಿರಿಯಾಕೆ. ಇದೇ ಊರಲ್ಲಿ ಹುಟ್ಟಿ ಬೆಳೆದವರು. ನಾನು ಟೋರ್ಟಿಯಾವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೈಕ್ರೋವೇವ್‌ಗೆ ಇಡುವುದನ್ನು ನೋಡಿ, "ಮಗಳೇ, ಎಣ್ಣೆಗೆ ಹೆದರಬೇಡ" ಅಂದರು. "ಮೈಗೆ ಎಣ್ಣೆ ಹತ್ತಿದರೆ ತಾನೇ ಅದು ಗ್ರೇವಿ ತಡೆಯುವುದು?" ಮಾತು ನಿಜ. ಬಾಣಲೆಯಲ್ಲಿ ಅರ್ಧ ಇಂಚಿಗಿಂತ ಕಡಿಮೆ ಎಣ್ಣೆ ಕಾಯಿಸಿ, ಒಂದೊಂದನ್ನೇ ಬಿಟ್ಟು, ಹತ್ತು ಸೆಕೆಂಡಿಗೆ ಮಗುಚಿ, ಇನ್ನೊಂದು ಹತ್ತು ಸೆಕೆಂಡಿಗೆ ತೆಗೆಯಬೇಕು. ಗರಿಗರಿ ಆಗಬಾರದು. ಇಕ್ಕಳದಲ್ಲಿ ಎತ್ತಿದರೆ ಬಟ್ಟೆಯಂತೆ ಬಾಗಿ ತೂಗಬೇಕು.

ಒಳ್ಳೆಯ ಟೋರ್ಟಿಯಾದ ಗುಟ್ಟು ಸುಣ್ಣದಲ್ಲಿದೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ಮೆಕ್ಸಿಕೋ ಕಡೆಯ ಸಾವಿರಾರು ವರ್ಷದ ಪದ್ಧತಿ ಇದು. ಸಿಪ್ಪೆ ಬಿಡುತ್ತದೆ, ಹಿಟ್ಟು ಅಂಟಿಕೊಳ್ಳುತ್ತದೆ, ಜೋಳದಲ್ಲಿರುವ ನಿಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವಂತಾಗುತ್ತದೆ. ಬೆಂಗಳೂರಿನಲ್ಲಿರುವ ತಂಗಿ ಮಾಮೂಲಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡಬಹುದಾ ಅಂತ ಕೇಳಿದ್ದಳು. ಆಗುವುದಿಲ್ಲ. ರೊಟ್ಟಿ ಆದೀತು, ಸುತ್ತಲು ಬಾರದು. ಹೀಗೆ ಸುಣ್ಣದಲ್ಲಿ ಬೇಯಿಸಿದ ಜೋಳದ ಮಾಸಾ ಹಾರೀನಾ ಎಂಬ ಹಿಟ್ಟನ್ನೇ ಆನ್‌ಲೈನ್‌ನಲ್ಲಿ ತರಿಸಿಕೋ ಅಂದೆ. ಬೀಫ್ ತಿನ್ನದ ಮನೆಯಲ್ಲಿ ಬೇಯಿಸಿ ಎಳೆ ಬಿಡಿಸಿದ ಕೋಳಿ, ಇಲ್ಲವೇ ಬರೀ ಚೀಸ್ ಮತ್ತು ಈರುಳ್ಳಿ ಇಡಬಹುದು. ಚೀಸ್ ಎಂಚಿಲಾಡಾ ಇಲ್ಲಿ ತುಂಬಾ ಜನಪ್ರಿಯ. ಆಗ ಗ್ರೇವಿಗೆ ತರಕಾರಿ ಸ್ಟಾಕ್.

ಚೀಸ್ ಸುಮಾರು 350 ಗ್ರಾಂ. ಗಟ್ಟೆ ತಂದು ಮನೆಯಲ್ಲೇ ತುರಿಯಿರಿ. ತುರಿದು ಮಾರುವುದಕ್ಕೆ ಅಂಟದಿರಲೆಂದು ಪಿಷ್ಟದ ಪುಡಿಯೋ ಸೆಲ್ಯುಲೋಸೋ ಸವರಿರುತ್ತಾರೆ, ಅದು ನುಣ್ಣಗೆ ಕರಗುವುದಿಲ್ಲ.

9x13 ಇಂಚಿನ ಟ್ರೇಯ ತಳಕ್ಕೆ ಒಂದು ಸೌಟು ಗ್ರೇವಿ ಹರಡಿ. ಒಂದೊಂದು ಟೋರ್ಟಿಯಾಕ್ಕೆ ಎರಡು ಚಮಚ ಖೀಮಾ, ಚಿಟಿಕೆ ಚೀಸ್ ಇಟ್ಟು ಬಿಗಿಯಾಗಿ ಸುತ್ತಿ, ಅಂಚು ಕೆಳಗೆ ಬರುವಂತೆ ಒತ್ತೊತ್ತಾಗಿ ಜೋಡಿಸಿ. ಮಕ್ಕಳಿಗೆ ಈ ಕೆಲಸ ಇಷ್ಟ, ನಮ್ಮ ಮನೆಯಲ್ಲಿ ಅವರದೇ ಪಾಳಿ. ಉಳಿದ ಗ್ರೇವಿಯನ್ನು ತುದಿಗಳೂ ಮುಚ್ಚುವಂತೆ ಸುರಿಯಿರಿ, ಒಣ ತುದಿ ಓವನ್ನಿನಲ್ಲಿ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ಮೇಲೆ ಉಳಿದ ಚೀಸ್. ಮೊದಲೇ ಕಾದ ಓವನ್‌ನಲ್ಲಿ 375 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 190 ಸೆಲ್ಸಿಯಸ್, 20 ನಿಮಿಷ. ಬದಿಗಳಲ್ಲಿ ಗ್ರೇವಿ ಬುಳುಬುಳು ಕುದಿಯುತ್ತಿದ್ದರೆ ಆಯಿತು. ತೆಗೆದ ಕೂಡಲೇ ಬಡಿಸಿದರೆ ಎಲ್ಲ ಜಾರಿ ಚೆಲ್ಲಾಪಿಲ್ಲಿ. ಹತ್ತು ನಿಮಿಷ ಕೂರಲಿ. ಅಷ್ಟರಲ್ಲಿ ಬಿಳಿ ಈರುಳ್ಳಿ ಸಣ್ಣಗೆ ಹೆಚ್ಚಿ ಹಸಿಯಾಗಿಯೇ ಮೇಲೆ ಉದುರಿಸಲು ಇಟ್ಟುಕೊಳ್ಳಬಹುದು. ಜತೆಗೆ ಟೊಮೆಟೊ ಹಾಕಿದ ಅನ್ನ, ಬೇಯಿಸಿ ಮಸೆದ ಪಿಂಟೊ ಕಾಳು.

ರಾತ್ರಿಯೇ ಸುತ್ತಿಟ್ಟು ಮರುದಿನ ಬೇಕ್ ಮಾಡುವುದಾದರೆ ಗ್ರೇವಿ ಸುರಿದಿಡಬೇಡಿ. ಸುತ್ತಿದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಓವನ್ನಿಗೆ ಹೋಗುವ ಮುಂಚೆ ಬಿಸಿ ಗ್ರೇವಿ ಸುರಿಯಿರಿ, ಐದು ಹತ್ತು ನಿಮಿಷ ಜಾಸ್ತಿ ಬಿಡಿ. ಉಳಿದದ್ದಕ್ಕೆ ಒಂದು ಚಮಚ ಸ್ಟಾಕ್ ಚಿಮುಕಿಸಿ, ಫಾಯಿಲ್ ಮುಚ್ಚಿ ಬಿಸಿ ಮಾಡಿ, ಮೇಲೊಂದು ಹಾಫ್ ಬಾಯಿಲ್ ಇಟ್ಟರೆ ಮರುದಿನದ ಬೆಳಗಿನ ತಿಂಡಿಯೂ ಆಯಿತು.