ನಾಯಿ ಸೋತ ಕಡೆ ಬಂಡೂರು ಕುರಿ ಗೆದ್ದಿದ್ದು: ನನ್ನ ಅನುಭವ

ಮಂಡ್ಯ ಸೀಮೆಯ ನಮ್ಮ ವಿಶೇಷ ಮಕ್ಕಳ ಸೆಂಟರಿನಲ್ಲಿ ಈಗ ಎರಡು ಬಂಡೂರು ಕುರಿಗಳಿವೆ. ಮೂರರಿಂದ ಏಳು ವರ್ಷದ ಮಕ್ಕಳ ಸೆಷನ್‌ಗೆ ಅವು ಬರುತ್ತವೆ. ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಎಲ್ಲಾ ಥರದ ಮಕ್ಕಳೂ ಇದ್ದಾರೆ. ಶುರುವಿನಲ್ಲಿ "ಏನ್ ಮೇಡಂ, ಇದು ಇಸ್ಕೂಲೋ ಕುರಿದೊಡ್ಡಿಯೋ?" ಅಂತ ನಕ್ಕವರೇ ಜಾಸ್ತಿ. ಅವರಲ್ಲೇ ಒಂದಿಬ್ಬರು ಈಗ "ನಮ್ಮ ಸೆಂಟರಿಗೂ ಒಂದು ಕೊಡಿಸಿ" ಅಂತ ಫೋನ್ ಮಾಡುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಮೊದಲು ತಂದದ್ದು ನಾಯಿ. ಲ್ಯಾಬ್ರಡಾರ್ ಮರಿಗೆ 12 ಸಾವಿರ, ಟ್ರೇನರ್‌ಗೆ 15-16 ಸಾವಿರ, ಆಮೇಲೆ ಊಟ, ಡಾಕ್ಟರ್ ಅಂತ ತಿಂಗಳಿಗೆ 4 ಸಾವಿರದ ಮೇಲೆ. ನಾಯಿಯೇನೋ ಚಿನ್ನದಂಥದ್ದೇ. ಆದರೆ ಮಗು ಕಂಡ ಕೂಡಲೇ ನೇರ ಮುಖದ ಹತ್ತಿರ ಬರುತ್ತಿತ್ತು, ನೆಕ್ಕುತ್ತಿತ್ತು, ಬಾಲದಲ್ಲಿ ಬಡಿಯುತ್ತಿತ್ತು. ಯಾರ ಮುಖವನ್ನೂ ನೋಡಲಾಗದ ಮಕ್ಕಳು ಟೇಬಲ್ ಕೆಳಗೆ ನುಗ್ಗಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಬೀದಿನಾಯಿ ಕಚ್ಚಿಸಿಕೊಂಡ ಮಗು ಒಂದಿತ್ತು, ಅದರ ತಾಯಿ ಗೇಟು ದಾಟಿ ಒಳಗೇ ಬರಲಿಲ್ಲ. ಏಪ್ರಿಲ್ ಬಂದರೆ ಫ್ಯಾನ್ ಕೆಳಗೆ ಮಲಗಿದ ನಾಯಿ ಏಳುತ್ತಿರಲಿಲ್ಲ. ಕೊನೆಗೆ ಅಣ್ಣನ ತೋಟಕ್ಕೆ ಕಳಿಸಿದೆ. ಅಲ್ಲಿ ಸುಖವಾಗಿದೆ.

ಆಮೇಲೆ ಮೊಲ. ಎತ್ತಿಕೊಂಡರೆ ಹಿಂಗಾಲಲ್ಲಿ ಒದ್ದು ಪರಚುತ್ತದೆ, ಬಿಟ್ಟರೆ ಬೀರು ಹಿಂದೆ ಸೇರುತ್ತದೆ. ನಮ್ಮ ಮಕ್ಕಳ ಹಿಡಿತ ಗೊತ್ತಲ್ಲ, ಮೊಲದ ಬೆನ್ನುಮೂಳೆ ಅದನ್ನು ತಡೆಯೋದಿಲ್ಲ. ಬಿಸಿಲಿಗೆ ಎರಡು ಸತ್ತವು. ಈ ಮಧ್ಯೆ ಒಬ್ಬ ತಂದೆ ಪಂಜರದ ಗಿಣಿ ತಂದುಕೊಟ್ಟರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ನಾಡಿನ ಗಿಣಿ, ನಕ್ಷತ್ರ ಆಮೆ ಯಾವುದನ್ನೂ ಸಾಕುವಂತಿಲ್ಲ. ಗಿಣಿ ನೇರ ಅರಣ್ಯ ಇಲಾಖೆಗೆ ಹೋಯಿತು.

ದಾರಿ ತೋರಿಸಿದ್ದು ಪಕ್ಕದ ಹೊಲದ ಕುರಿ. ಯಾರ ಮಾತಿಗೂ ತಿರುಗದ ಹುಡುಗನೊಬ್ಬ ತಂತಿ ಬೇಲಿಯ ಸಂದಿಯಲ್ಲಿ ಹಲಸಿನ ಎಲೆ ತೂರಿಸಿ ತೂರಿಸಿ ಅದಕ್ಕೆ ತಿನ್ನಿಸುತ್ತಿದ್ದ. ಎಲೆ ಮುಗಿದ ಮೇಲೆ ನನ್ನ ಸೆರಗು ಎಳೆದು ಮರ ತೋರಿಸಿದ. ಬೇಕಾದ್ದನ್ನು ತೋರಿಸಿ ಕೇಳೋಕೆ ಕಲಿಸುವ ಚಿತ್ರದ ಕಾರ್ಡ್ ಇಟ್ಟುಕೊಂಡು ನಾನು ತಿಂಗಳುಗಟ್ಟಲೆ ಕಾದಿದ್ದು ಇದಕ್ಕೇ.

ನನ್ನ ಲೆಕ್ಕಾಚಾರ ಅಲ್ಲಿಂದ ಬದಲಾಯಿತು. ಪ್ರಾಣಿಯ ಪ್ರೀತಿಯಿಂದ ಮಕ್ಕಳು ಅರಳುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕೆಲಸಕ್ಕೆ ಬಂದದ್ದು ಪ್ರಾಣಿಯ ಹೊಟ್ಟೆಬಾಕತನ. ಕುರಿ ಮಗುವಿನ ಮುಖ ನೋಡೋದಿಲ್ಲ, ಕೈ ನೋಡುತ್ತದೆ. ತಲೆ ಬಗ್ಗಿಸಿ ನಿಲ್ಲುತ್ತದೆ. ಮೈಮೇಲೆ ಎಗರೋದಿಲ್ಲ. ಅದಕ್ಕೆ ಬೇಕಾದ್ದು ಮಗುವಿನ ಕೈಯಲ್ಲಿದೆ, ಅಷ್ಟೇ. ಹುಟ್ಟಿದಾಗಿನಿಂದ ಬೇರೆಯವರಿಂದ ತೆಗೆದುಕೊಂಡೇ ಗೊತ್ತಿರುವ ಮಗು ಮೊದಲ ಸಲ ಕೊಡುವ ಜಾಗದಲ್ಲಿ ನಿಲ್ಲುತ್ತದೆ.

ಬಂಡೂರು ತಳಿಯೇ ಯಾಕೆ? ಕುಳ್ಳು. ಬೆನ್ನು ನೆಲದಿಂದ ಎರಡಡಿ ಇದ್ದರೆ ಹೆಚ್ಚು. ಕೊಂಬಿಲ್ಲ. ಕುರ್ಚಿಯಲ್ಲಿ ಕೂತ ಮಗುವಿಗೂ ಅದರ ಬಾಯಿ ಸಿಗುತ್ತದೆ. ಮಾಂಸಕ್ಕೆ ಹೆಸರಾದ ತಳಿ ಆದ್ದರಿಂದ ಶುದ್ಧ ತಳಿಗೆ ಸಿಕ್ಕಾಪಟ್ಟೆ ರೇಟು. ನಾನು ತಂದದ್ದು ಸ್ವಲ್ಪ ಮಿಶ್ರ, ಒಂದಕ್ಕೆ ಸುಮಾರು 11 ಸಾವಿರ. ಹೆಣ್ಣನ್ನೇ ತನ್ನಿ. ಟಗರಿಗೆ ಕೊಂಬಿಲ್ಲದಿದ್ದರೂ ಗುದ್ದೋದು ಬಿಡೋದಿಲ್ಲ.

ಕುರಿ ಬಂದ ಮೇಲೂ ಕೆಲವು ತಿಂಗಳು ಒದ್ದಾಟವೇ. ಮಕ್ಕಳೆಲ್ಲ ಸೇರಿ ಹುರುಳಿ ತಿನ್ನಿಸಿ ತಿನ್ನಿಸಿ ಒಂದು ಕುರಿಗೆ ಹೊಟ್ಟೆ ಉಬ್ಬರಿಸಿತು. ಪಶುವೈದ್ಯರು ರಾತ್ರಿ ಬಂದು ಉಳಿಸಿದರು. ಈಗ ಕಾಳು ದಿನಕ್ಕೆ ಒಟ್ಟು ಎರಡು ಹಿಡಿ, ಅದೂ ಕೈ ಬೆರಳಿನ ಕೆಲಸಕ್ಕೆ ಮಾತ್ರ. ಉಳಿದದ್ದು ಅಗಸೆ ಸೊಪ್ಪು, ಹಲಸಿನ ಎಲೆ, ಕುದುರೆಮಸಾಲೆ (ಲೂಸರ್ನ್) ಮೇವು. ಬೆಳಗ್ಗೆ ಕೊಟ್ಟಿಗೆಯಲ್ಲಿ ಹೊಟ್ಟೆಗೆ ರಾಗಿ ಹುಲ್ಲು ಇದ್ದೇ ಇರುತ್ತದೆ, ಉಪವಾಸ ಹಾಕೋದಿಲ್ಲ. ಆದರೆ ಹಸಿ ಸೊಪ್ಪು ಮಕ್ಕಳ ಕೈಯಿಂದ ಮಾತ್ರ. ಇನ್ನೊಂದು ತಲೆನೋವು ದೊಡ್ಡವರ ಬಾಯಿ. "ಕೊಡು ಪುಟ್ಟ, ಹೆದರಬೇಡ, ನೋಡು ಎಷ್ಟು ಚೆನ್ನಾಗಿದೆ" ಅಂತ ಅಮ್ಮ ಒಂದು ಕಡೆ, ಆಯಾ ಒಂದು ಕಡೆ. ಸೆಷನ್ ನಡೆಯುವ ಹನ್ನೆರಡು ಹದಿನೈದು ನಿಮಿಷ ದೊಡ್ಡವರು ಬಾಯಿ ಬಿಡಬಾರದು ಅಂತ ರೂಲ್ ಮಾಡಿದೆ. ಅಮ್ಮಂದಿರಿಗೆ ಕೋಪ ಬಂತು. ಮಕ್ಕಳಲ್ಲಿ ಬದಲಾವಣೆ ಕಂಡಿದ್ದು ಮಾತ್ರ ಆ ರೂಲ್ ಆದಮೇಲೆಯೇ.

ಒಂದು ಹುಡುಗಿಯ ವಿಷಯ ಹೇಳಲೇಬೇಕು. ನಾಲ್ಕೂವರೆ ವರ್ಷ, ಎಡಭಾಗ ಬಿಗಿ. ಎಡಗೈ ಯಾವಾಗಲೂ ಮುಷ್ಟಿ, ಹೆಬ್ಬೆರಳು ಒಳಗೆ. ಬಲಗೈಯಲ್ಲೇ ಎಲ್ಲಾ ಕೆಲಸ. ಅವಳ ಬಲಗೈಗೆ ಅಗಲದ ಬಾಂಡ್ಲಿ ಕೊಟ್ಟೆ, ಒಂದು ಕೈಯಲ್ಲಿ ಹಿಡಿದರೆ ವಾಲುತ್ತದೆ. ಕುರಿ ಮೂತಿ ತಂದು ಬಾಂಡ್ಲಿಗೆ ಒತ್ತಿತು. ಕಾಳು ಚೆಲ್ಲುತ್ತದೆ ಅಂತ ಅವಳು ಎಡಗೈ ಅಡ್ಡ ತಂದಳು, ಮುಷ್ಟಿಯಲ್ಲೇ. ಎರಡು ಕಾಳು ಆ ಮಣಿಕಟ್ಟಿನ ಮೇಲೆ ಬಿದ್ದವು. ಕುರಿ ಬಿಸಿ ತುಟಿಯಲ್ಲಿ ಅವನ್ನು ಹೆಕ್ಕಿತು. ಅವಳು ಕಿಲಕಿಲ ನಕ್ಕಳು. ನಗುವಾಗ ಕಿರುಬೆರಳು, ಉಂಗುರದ ಬೆರಳು ಸಡಿಲವಾದವು. ಅಂಗೈ ಪೂರ್ತಿ ಬಿಚ್ಚಿ ಎಲೆ ಹಿಡಿಯೋಕೆ ಇನ್ನೂ ನಾಲ್ಕೈದು ತಿಂಗಳು ಹಿಡಿಯಿತು, ಪಕ್ಕದಲ್ಲಿ ಓಟಿ (ಆಕ್ಯುಪೇಷನಲ್ ಥೆರಪಿ, ಕೈ ಬೆರಳು ಬಳಸೋದು ಕಲಿಸುವ ಚಿಕಿತ್ಸೆ) ವ್ಯಾಯಾಮವೂ ನಡೆದಿತ್ತು. ಎಲ್ಲಾ ಕುರಿಯಿಂದಲೇ ಅಂತ ನಾನು ಹೇಳೋದಿಲ್ಲ. ಆದರೆ ಆ ವ್ಯಾಯಾಮಕ್ಕೆ ಅಳುತ್ತಿದ್ದ ಹುಡುಗಿ ಎಡಗೈಯನ್ನು ತಾನಾಗಿ ಮುಂದೆ ತಂದದ್ದು ಕುರಿಯ ಮುಂದೆ. ಮೊದಲು ನಕ್ಕಿದ್ದ ಓಟಿಯವರೇ ಈಗ ಕೊಟ್ಟಿಗೆಯಲ್ಲಿ ಸ್ಲಾಟ್ ಕೇಳುತ್ತಾರೆ!

ಬೇಲಿಯ ಹುಡುಗನಿಗೆ ಕಾರ್ಡಿನಲ್ಲಿ ಕೇಳೋದು ಒಂದು ಸೆಷನ್‌ಗೆ ಮೂರು ನಾಲ್ಕು ಸಲ ಆಗುತ್ತಿತ್ತು, ವರ್ಷದ ಹೊತ್ತಿಗೆ ಇಪ್ಪತ್ತರ ಹತ್ತಿರ ಬಂತು. ಫೋನಿನಲ್ಲಿ ವಿಡಿಯೋ ಮಾಡಿ ಎಣಿಸಿದ್ದು, ಒಂದೆರಡು ಆಚೀಚೆ ಇರಬಹುದು.

ಹಗ್ಗ ಇಲ್ಲದೆ ಕುರಿ ಅಲುಗಾಡದೆ ಹೇಗೆ ನಿಲ್ಲುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಕುರಿ ಕಾಯುವ ಅಜ್ಜ ಒಬ್ಬರು ಹೇಳಿಕೊಟ್ಟರು, ಇಲ್ಲಿ ಬರೆಯೋದಿಲ್ಲ. ಬಂದು ನೋಡಿ.

ಖರ್ಚು: ಶೀಟ್ ಹಾಕಿದ ಕೊಟ್ಟಿಗೆ 9-10 ಸಾವಿರ, ಮಕ್ಕಳ ಎತ್ತರಕ್ಕೆ ನಲ್ಲಿ 3 ಸಾವಿರ, ಮೇವು ತಿಂಗಳಿಗೆ ಎರಡಕ್ಕೂ ಸೇರಿ 2 ಸಾವಿರದ ಒಳಗೆ. ಹಿಕ್ಕೆ ಗೊಬ್ಬರ ತೆಂಗಿನ ತೋಟದವರು ಒಯ್ಯುತ್ತಾರೆ. ಒಂದು ಈದು ಗಂಡು ಮರಿ ಹಾಕಿತು, ಬೆಳೆದ ಮೇಲೆ ಮಾರಿದೆವು. ಮಾರಿದ ವಿಷಯ ಮಕ್ಕಳಿಗೂ ಮುಚ್ಚಿಡದೆ ಹೇಳಿದೆವು. "ಕೊನೆಗೆ ಇವನ್ನೂ ಹಬ್ಬಕ್ಕೆ ಕೊಯ್ತೀರಾ ಮಿಸ್?" ಅಂತ ಒಬ್ಬ ಅಜ್ಜಿ ಕೇಳಿದ್ದರು. ಕೆಲಸದ ಕುರಿ ಕೊಯ್ಯೋದಿಲ್ಲ ಅಂತ ಬರೆದೇ ಕೊಟ್ಟೆ.

ಜಂತುಹುಳು ಔಷಧಿ ಮೂರು ತಿಂಗಳಿಗೊಮ್ಮೆ, ಕರುಳುಬೇನೆ ಲಸಿಕೆ ಮಳೆಗಾಲಕ್ಕೆ ಮುಂಚೆ. ಕುರಿಯ ಬಾಯಲ್ಲಿ ಹುಣ್ಣು ಕಂಡರೆ ಸೆಷನ್ ಬಂದ್, ಅದು ಮನುಷ್ಯರಿಗೂ ಅಂಟಬಹುದು. ಈಯುವ ಕುರಿಯ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ಸೋಪಿನಲ್ಲಿ ಕೈ ತೊಳೆಯೋದು ಮುಂಚೆಯೂ ಆಮೇಲೆಯೂ, ಮಾತಿಲ್ಲ.

ಸುಮ್ನೆ ಒಂದು ಪ್ರಯೋಗ ಅಂತ ರೇಷ್ಮೆ ಹುಳುವನ್ನೂ ತಂದಿದ್ದೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು, ಪರಿಚಯದ ರೈತರಿಂದ ಒಂದು ತಟ್ಟೆ. ತಣ್ಣಗೆ ಮೆತ್ತಗಿರುತ್ತದೆ. ಏನನ್ನೂ ಮುಟ್ಟದ ಮಕ್ಕಳಲ್ಲಿ ಮೂವರು ಬೆರಳು ಚಾಚಿದರು. ಹಿಪ್ಪುನೇರಳೆ ಸೊಪ್ಪು ಹಾಕಿದರೆ ತಿನ್ನುವ ಸದ್ದು ಹೆಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ. ಗಲಾಟೆಗೆ ಕಿರುಚುವ ಹುಡುಗನೊಬ್ಬ ತಟ್ಟೆಗೆ ಕಿವಿ ಕೊಟ್ಟು ಕೂತೇ ಇದ್ದ. ಆದರೆ ವಾರದಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ (ಬಿದಿರಿನ ತಟ್ಟೆ) ಹತ್ತಿತು, ಅಲ್ಲಿಗೆ ಮುಗಿಯಿತು. ಮತ್ತೆ ಮಾಡಬೇಕು.

ಕುರಿ ತರುವವರಿಗೆ ಒಂದು ಮಾತು. ಯುಗಾದಿ ಮುಂಚಿನ ಸಂತೆಗೆ ಹೋಗಬೇಡಿ. ಹೊಸತೊಡಕಿಗೆ (ಯುಗಾದಿ ಮರುದಿನದ ಬಾಡೂಟ) ಅಂತ ರೇಟು ಏರಿರುತ್ತದೆ. ಬಕ್ರೀದ್ ಮುಂಚೆಯೂ ಅಷ್ಟೇ. ಸಾಕಿದವರ ಮನೆಗೇ ಹೋಗಿ, ಅವರ ಮಕ್ಕಳು ಕೈಯಲ್ಲಿ ಮೇಯಿಸಿ ಬೆಳೆಸಿದ ಕುರಿಯನ್ನೇ ಕೇಳಿ. ಸಾವಿರ ಜಾಸ್ತಿ ಆದರೂ ಚೌಕಾಸಿ ಮಾಡಬೇಡಿ.